ಮಣ್ಣಿಗೆ ಬಂದವರ ಲೆಕ್ಕ

ದಲಾಲಿ ರೊಮುಲ್ದ ತನ್ನ ವಕೀಲನ ನಂಬರ್ ಕೊಟ್ಟ.
"ಬರೇ ಸಹಿ ಮಾಡೂ ಕೆಲಸ, ಬಾಯೀ,
ಎಂಟು ದಿನದಾಗ ಮನಿ ನಿಮ್ಮದು" ಅಂದ.
ಅಂವನ ಸ್ಕೂಟರಿನ ಡಿಕ್ಕಿಯೊಳಗ
ನಾಕು ಮನಿ ಕೀಲಿಕೈ, ಒಂದು ಪಾವಿನ ಪೊಟ್ಟಣ.

ಪಣಜಿಗೂ ಹೋಗಿದ್ವಿ. ಗಾಜಿನ ಕಚೇರಿ.
ಲಿಫ್ಟಿನ ಕನ್ನಡಿ ಮುಂದ ನಿಂತು ನನ್ನ ಗಂಡ
ಉಗುರಿನೊಳಗಿನ ಬಿಳಿ ಸಿಮೆಂಟು
ಕಡ್ಡೀಲೆ ಕೆದರಿಕೊಂಡ.
ಕಾಫಿ ಕೊಟ್ರು. ಫೀಜಿನ ಹಾಳಿ ಕೊಟ್ರು.
ಮನಿ ಎಲ್ಲಿ ಅಂದ್ರ, ಆ ಹುಡುಗ ವಕೀಲ ಫೋನಿನಾಗ ನಕಾಶೆ ತಗದು
ನಾವೆಲಿಮ್ಮಿನ ಮ್ಯಾಲ ಎರಡು ಬಟ್ಟಿಟ್ಟು ದೊಡ್ಡದು ಮಾಡಿದ.
ಅಂಗಳದ ಬಾವಿ ಒಂದು ಹಸಿರು ಚುಕ್ಕಿ.
ಚುಕ್ಕಿ ಯಾರದು ಅಂತ ಅಂವ ಕೇಳಲಿಲ್ಲ.

ಇಪ್ಪತ್ತೊಂದು ವರ್ಷ ಮಂದಿ ಮನಿಗೆ ಟೈಲ್ಸ್ ಹಾಕ್ಯಾನ ಫಕೀರಪ್ಪ.
ಮಟ್ಟಗೋಲಿನ ನೀರಾಗ ಗುಳ್ಳಿ ನಡುವ ನಿಂತ್ರ
ನೆಲ ಸುಳ್ಳ ಹೇಳೂದಿಲ್ಲ ಅಂತಾನ.
ಕಾಗದದ ಮ್ಯಾಲ ಗುಳ್ಳಿ ಎಲ್ಲಿ ನಿಲ್ತೈತಿ,
ನೋಡಾವ್ರು ಯಾರು?

ಹೇಳಿದಾಕಿ ಮೀನ ಮಾರೂ ಆನ್ಸೆಲ್ಮಾ.
ಹೊಸಾ ಫ್ರಾಕಿಗೆ ಅಳತಿ ಕೊಡಾಕ
ಎರಡೂ ಕೈ ಎತ್ತಿ ನಿಂತಾಕಿ, ಹಂಗ ನಿಂತೇ ಅಂದ್ಲು:
"ಮಡಗಾಂವದಾಗ, ಹಳೇ ಮಾರ್ಕೆಟ್ಟಿನ ಹಿಂದ, ಬೇಕರಿ ಮ್ಯಾಲ,
ಸುಲಕ್ಷಾ ಕೇಣಿ.
ಬೈತಾಳ. ಆದ್ರ ಓದತಾಳ."

ಕಟ್ಟಿಗಿ ಮೆಟ್ಟಲ. ಕೆಳಗಿಂದ ಭಟ್ಟಿ ಕಾವು.
ಕಾಗದ ಹಾರತಾವಂತ ಫ್ಯಾನು ಸಣ್ಣ ಇಟ್ಟಿದ್ಲು.
ಒಂದು-ಹದಿನಾಲ್ಕರ ನಮೂನಿ ನೋಡಿದ್ಲು,
ಪೋರ್ತುಗೀಜರ ಕಾಲದ ಹಾಳಿ ಕಿಟಕಿಗೆ ಹಿಡದು
ಕಿರಾಣಿ ಚೀಟಿ ಓದಿದಂಗ ಬಾಯೊಳಗ ಓದಿಕೊಂಡ್ಲು.
ಆಮ್ಯಾಲ ಚಷ್ಮಾ ತಗದು ಏನೋ ಅಂದ್ಲು.
ಅಂದದ್ದು ಕೊಂಕಣಿಯಾಗ;
ನನ್ನ ತೆಲಿಯೊಳಗ ಅದು ಬಿದ್ದದ್ದು ನಮ್ಮ ಮಾತಿನಾಗ:
"ಈ ಕಾಯ್ತಾನು ಸತ್ತಾಗ ನಾನೂ ಮಣ್ಣಿಗೆ ಹೋಗಿದ್ದೆ.

ಪೆಟಗಿ ಹಿಂದ ಮೂರು ಮಕ್ಕಳು ನಡದಿದ್ರು.
ಇಲ್ಲಿ ಸಹಿ ಎರಡ ಅದಾವ.
ಸಣ್ಣಾಕಿ ಲಿಸ್ಬನ್ನಿನಾಗ ಅದಾಳ. ಆಕಿನೂ ಹಾಕಬೇಕು, ಆಕಿ ಗಂಡನೂ.
ಗೋವಾದಾಗ ಅರ್ಧ ಅಂದ್ರ ಅರ್ಧ.
ಆ ಬಾವಿಗೆ ಹಿಂದಿನ ಮನಿಯವರ ಹಗ್ಗಾನೂ ಇಳೀತೈತಿ.
ಈಗ ತಗೋಬ್ಯಾಡ್ರಿ. ಮುಂಗಡ ಕೊಟ್ಟೀರೇನು?"

ಕೊಟ್ಟಿದ್ವಿ. ಐವತ್ತು ಸಾವಿರ, ಚೀಟಿ ಇಲ್ಲದ.
ಆಗ ಬೈದ್ಲು. ಅರ್ಧ ತಿಳೀಲಿಲ್ಲ,
ತಿಳಿದ ಅರ್ಧ ನಮ್ಮವ್ವ ಬೈದಂಗ ಇತ್ತು.

ಕೆಲಸಾ ಕಳಕೊಂಡ್ಲಲ್ಲ ಅಂತ ನಾ ನೋಡಾಕತ್ತಿದ್ದೆ.
ಮನಿ ಕೊಂಡಿದ್ರ ಆಕಿಗೆ ದೊಡ್ಡ ಫೀಜು.
"ನೋಡಿದ್ದಕ್ಕ ಐನೂರು" ಅಂದು ಪಾವತಿ ಬರೀತಿದ್ದಾಕಿ
ಹೆಸರಿನ ಹತ್ರ ಪೆನ್ನು ನಿಲ್ಲಿಸಿದ್ಲು.
"ಮನಿ ರೊಕ್ಕ ಯಾರದು?"
"ನಮ್ಮದು" ಅಂದ ಫಕೀರಪ್ಪ.
"ನಮ್ಮದು ಅಂದ್ರ?"

ಕೆಳಗ ಯಾರೋ ಪಾವಿನ ತಗಡು ಎತ್ತಿ ಹಾಕಿದ್ರು.
ನಾ ನನ್ನ ಎಡಗೈ ಬಟ್ಟು ಮಡಚಿಕೊಂಡೆ,
ಸೂಜಿ ಚುಚ್ಚಿ ಚುಚ್ಚಿ ಅದರ ತುದಿ ಜಡ್ಡಾಗೈತಿ.
ಅಂವ ಭಾಳ ಹೊತ್ತು ನೆಲ ನೋಡಿದ,
ಟೈಲ್ಸಿನ ಸಂದು ಎಣಿಸೂ ಹಂಗ.
"ಮೂರರಾಗ ಎರಡು ಪಾಲು ಆಕಿದು" ಅಂದ.

ಹೆಸರ ಕೇಳಿದ್ಲು. ಹೊಳಿಯವ್ವ ಅಂದೆ.
ಹೊಳಿ ಅಂದ್ರೇನು ಅಂದ್ಲು. ನದಿ ಅಂದೆ.
ನನ್ನ ಹೆಸರ ಮೊದಲ ಬರದು, ಕೆಳಗ ಅಂವಂದು ಬರದ್ಲು.

ರೊಮುಲ್ದ ಮೂವತ್ತು ಸಾವಿರ ತಿರುಗಿ ಕೊಟ್ಟಾನ,
ಉಳಿದದ್ದಕ್ಕ ಫೋನ್ ಎತ್ತೂದಿಲ್ಲ.
ಆಕಿ ಅಂವಗ ನೋಟೀಸು ಕಳಿಸ್ಯಾಳ; ಲಿಸ್ಬನ್ನಿಗೆ ಕಾಗದಾನೂ.
ಐತವಾರ ನಾವಿಬ್ರೂ ನಾವೆಲಿಮ್ಮಿಗೆ ಹೋಗಿ
ಕಂಪೌಂಡಿನ ಹೊರಗ ನಿಂತು ಬರ್ತೀವಿ.
ಬಾಗಲದ ಮೆಟ್ಟಲ ಒಂದು ಬಟ್ಟಷ್ಟು ಎಡಕ್ಕ ವಾಲೈತಿ ಅಂತ
ಅಂವಗ ಕೈ ತುರಿಸ್ತೈತಿ.
ಮೂರನೇ ಸಹಿ ಬರೂತನಕ ಮುಟ್ಟಬ್ಯಾಡ ಅಂದೀನಿ.
ಮಟ್ಟಗೋಲು ಮಾತ್ರ ಚೀಲದಾಗ ತಂದಿರ್ತಾನ.