ಬಿಳಿ ಹಿನ್ನೆಲೆ

ವಾರದ ಆರು ದಿನವೂ ನನ್ನದು ಒಂದೇ ಮಂತ್ರ:
ಗದ್ದ ಸ್ವಲ್ಪ ಕೆಳಗೆ. ಕಿವಿ ಕಾಣಲಿ. ನಗಬೇಡಿ.
ಕಣ್ಣು ಮುಚ್ಚಬೇಡಿ.
ಮುಹರ್ರಕ್ಕಿನ ಗಲ್ಲಿ, ಇಸ್ತ್ರಿ ಅಂಗಡಿಯ ಪಕ್ಕ
ಎಂಟಡಿಯ ಕೋಣೆ, ಒಂದು ಸ್ಟೂಲು,
ಗೋಡೆಗೆ ಇಳಿಬಿಟ್ಟ ಬಿಳಿ ಬಟ್ಟೆ.
ವೀಸಾಕ್ಕೆ, ಲೈಸೆನ್ಸಿಗೆ, ಕೆಲಸ ಬದಲಿಗೆ,
ಹತ್ತು ನಿಮಿಷಕ್ಕೆ ಆರು ಪ್ರತಿ.
ನಗಬೇಡಿ ಅಂದಾಗಲೇ ಕೆಲವರಿಗೆ
ನಗು ನೆನಪಾಗುವುದನ್ನು ನೋಡಿದ್ದೇನೆ.

ಶುಕ್ರವಾರ ಮಾತ್ರ
ಸುಬಹಿನ ಬಾಂಗು ಮುಗಿದು ಕುಬ್ಬೂಸಿನ ಒಲೆ ಹೊತ್ತುವಾಗ
ನಾನು ತುಬ್ಲಿಯ ದಾರಿಯಲ್ಲಿ.
ಹೆಗಲಲ್ಲಿ ರೊಡೆಲ್ ಊರಿಗೆ ಹೋಗುವಾಗ ಮಾರಿದ ಲೆನ್ಸು,
ನೂರೆಂಬತ್ತು ದಿನಾರು, ನಾಲ್ಕು ಕಂತು,
ಕೊರಳಿಗೆ ಕಪ್ಪು ಟೇಪು ಸುತ್ತಿದ್ದು.
ಟೇಪಿನ ಜೊತೆ ಒಂದು ಮಾತೂ ಕೊಟ್ಟಿದ್ದ:
ಹಕ್ಕಿಯ ಹಿಂದೆ ಓಡಬೇಡ,
ಅದು ನೋಡುವ ಜಾಗ ನೋಡು.

ಇಳಿತದ ಹೊತ್ತು. ಕೆಸರಿಗೆ ಉಪ್ಪಿನ ಸೊಗಡು.
ಗಾಳಿಗೆ ಬೆನ್ನು ಕೊಟ್ಟು ನಿಲ್ಲುತ್ತೇನೆ;
ಗಾಳಿಗೆ ಮುಖ ಕೊಟ್ಟೇ ಬರುತ್ತದೆ ದೊಡ್ಡ ರೀವ,
ಗಜ್ಜರಿಯಷ್ಟು ಕೆಂಪು ಕೊಕ್ಕು ನೆಟ್ಟಗೆ ಕೆಳಗೆ,
ದಬ್ಬಣದಲ್ಲಿ ನೀರು ಹೊಲಿಯಲು ಹೊರಟಂತೆ.
ಹಾರುತ್ತಾ ಹಾರುತ್ತಾ ಒಂದೇ ಕಡೆ ನಿಂತುಬಿಡುತ್ತದೆ,
ಮೇಲೆ ರೆಕ್ಕೆಯ ಗಲಾಟೆ, ತಲೆ ಮಾತ್ರ
ಗೋಡೆಗೆ ಹೊಡೆದ ಮೊಳೆ.
ಈಗ ಅನ್ನುತ್ತೇನೆ. ಈಗ ಅನ್ನುವಷ್ಟರಲ್ಲಿ
ರೆಕ್ಕೆ ಮಡಚಿ
ಬಿತ್ತು.

ನನ್ನ ಕ್ಯಾಮೆರಾ ಕ್ಷಣವನ್ನು ಎರಡು ಸಾವಿರ ಚೂರು ಮಾಡುತ್ತದೆ.
ಸಾಲುವುದಿಲ್ಲ.
ಎಲ್ಲ ಚೂರಿನಲ್ಲೂ ಹಕ್ಕಿ ಈಗಷ್ಟೇ ಎದ್ದುಹೋದ ಕುರ್ಚಿ:
ನೀರಿನ ಬಳೆ, ಅರ್ಧ ಬಾಲ,
ಆಕಾಶ, ಆಕಾಶ, ಒಮ್ಮೆ ನನ್ನದೇ ಹೆಬ್ಬೆರಳು.
ಆಚೆ ರಾಜಹಂಸಗಳು ತಲೆಕೆಳಗಾಗಿ ಗಂಜಿ ಸೋಸುತ್ತಿವೆ,
ಅವಕ್ಕೆ ಅವಸರವಿಲ್ಲ, ಫೋಟೋಕ್ಕೂ ಸುಲಭ,
ಯಾಕೋ ನನಗೆ ಬೇಡ.

ಹತ್ತೂವರೆಗೆ ಬೆಳಕು ಹಳಸಿತು.
ಧೂಳೋ ಆವಿಯೋ, ಆಕಾಶ ತೊಳೆದ ಮುಂಡಿನ ಬಣ್ಣ.
ಹೊರಡುವವನು ಕೊನೆಗೊಮ್ಮೆ ಎತ್ತಿದೆ.
ಎದ್ದಿತು ರೀವ, ಮೈ ಕೊಡವಿತು,
ಬೇಟೆಯನ್ನು ಅಡ್ಡ ಕಚ್ಚಿ ನನ್ನೆದುರು ಹಾದುಹೋಯಿತು.
ಹಿಂದೆಯೇ ಕಸಿಯಲು ಬಂದ ಎರಡು ಕಡಲಕ್ಕಿಗಳ
ಕೊಳಕು ಬೈಗುಳ.

ರಾತ್ರಿ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದರೆ
ಹಕ್ಕಿಯ ಕಣ್ಣು ಮಸುಕು.
ಮೀನು ಸ್ಪಷ್ಟ.
ಕೊಕ್ಕಿನಿಂದಾಚೆ ಚಾಚಿದ ಮುಖ ನೇರ ನನ್ನ ಕಡೆಗೆ,
ಎರಡೂ ಕಣ್ಣು ತೆರೆದು, ಬಾಯಿ ಮುಚ್ಚಿ,
ನೆರಳು ಬೀಳದ ಬಿಳಿ ಹಿನ್ನೆಲೆ.
ಕಿವಿ ಇಲ್ಲ, ಕಿವಿರು ಉಂಟು.
ಯಾವ ಕೌಂಟರಿನವನೂ ತಿರಸ್ಕರಿಸಲಾರ.

ಶನಿವಾರ ಬಂದವನು ಮೊಫಿಜುಲ್,
ಸಿತ್ರಾದ ದೋಣಿಯಲ್ಲಿ ಬಲೆ ಎಳೆಯುವವನು,
ಪರ್ಮಿಟ್ಟು ಹೊಸದು ಮಾಡಿಸಬೇಕು.
ಒದ್ದೆ ಕೂದಲು ಬಾಚಿ, ನನ್ನ ಕೋಟು ತೊಟ್ಟು ಸ್ಟೂಲಲ್ಲಿ ಕೂತ.
ಪರದೆಯ ಮೇಲೆ ಅದಿನ್ನೂ ಇತ್ತು.
ಹಕ್ಕಿಯನ್ನು ಅವನು ನೋಡಲೇ ಇಲ್ಲ.
ಹೆಬ್ಬೆರಳು ತೋರುಬೆರಳು ಅಗಲಿಸಿ ಅಳೆದ:
ಎಳೆಯದು.
ನಮ್ಮ ಬಲೆಯ ಕಣ್ಣಲ್ಲಿ ಆಗಿದ್ದರೆ ತೂರಿಹೋಗುತ್ತಿತ್ತು.

ಗದ್ದ ಕೆಳಗೆ ಅಂದೆ. ಮಿಕ್ಕಿದ್ದು ಹೇಳಲು ಮರೆತೆ.
ಅವನೂ ನಗಲಿಲ್ಲ.

ಎಷ್ಟು ಪ್ರತಿ?
ಐದು ನನ್ನದು, ಅಂದ. ಒಂದು ಅದರದ್ದು.
ದುಡ್ಡು ಆರಕ್ಕೇ ತಕ್ಕೊಳ್ಳಿ.

ಅದೇ ಅಳತೆ, ಅದೇ ಕಾಗದ, ಅದೇ ಕತ್ತರಿ.
ಮೀನನ್ನಷ್ಟೇ ಕತ್ತರಿಸಿ ತೆಗೆಯಲು ನೋಡಿದೆ,
ಆಗಲಿಲ್ಲ.
ಹಾಗೇ ಕೊಟ್ಟೆ,
ಕೊಕ್ಕು ಸಮೇತ.