ಕೆಳಗಿಳಿದ ಕಲ್ಲು

ಬೆತ್ಲೆಮಿ ಮೆಟ್ಟಿಲು ಹತ್ತುವಾಗ ಲಮಾರಾ ಎಣಿಸುವುದಿಲ್ಲ,
ಮೊಣಕಾಲೇ ಎಣಿಸುತ್ತದೆ.
ಒಂದು ಕೈಯಲ್ಲಿ ಬಿಳಿಯ ಡಬ್ಬಿ, ಇನ್ನೊಂದರಲ್ಲಿ ಕೆಂಪಿನದು,
ಬೆನ್ನ ಚೀಲದಲ್ಲಿ ರೊಟ್ಟಿ, ಚೀಸು, ತಂತಿಯ ಬ್ರಷ್ಷು.
ಹಿಂದೆ ಉಚಾ, ತಂಗಿಯ ಮಗ,
ಫೋನು ಹೇಳಿದತ್ತ ಕಾಲು ಹಾಕುವವನು.

ಕೆಳಗೆ ತ್ಬಿಲಿಸಿ ಇನ್ನೂ ಹಲ್ಲುಜ್ಜುತ್ತಿದೆ.
ಗಂಧಕದ ಸ್ನಾನದ ಮನೆಗಳು
ಕವುಚಿಟ್ಟ ಬೋಗುಣಿಗಳ ಹಾಗೆ ಕೂತು ಹಬೆ ಬಿಡುತ್ತಿವೆ.
ಮರದ ಬಾಲ್ಕನಿಯಿಂದ ಯಾರೋ ಕಂಬಳಿ ಕೊಡವಿದರು,
ಧೂಳೆಲ್ಲ ಕೆಳಮನೆಯವರ ಕಾಫಿಗೆ.
ಬೈಗುಳ ಶುರುವಾಯಿತು,
ದ್ರಾಕ್ಷಿ ಬಳ್ಳಿ ಹಿಡಿದು ಮಹಡಿಯಿಂದ ಮಹಡಿಗೆ ಹತ್ತಿತು.

ಕೋಟೆಯನ್ನು ಪ್ರವಾಸಿಗರಿಗೆ ಬಿಟ್ಟು
ಇಬ್ಬರೂ ಗುಡ್ಡದ ಬೆನ್ನಿಗೆ ಹೊರಳಿದರು.
ಕಿವಿಗೆ ಹಳದಿ ಬಿಲ್ಲೆ ಚುಚ್ಚಿಸಿಕೊಂಡ ಬೀದಿನಾಯಿ
ಯಾರೂ ಕರೆಯದೆ ಮುಂದಾಳಾಯಿತು.
ಈ ಊರಲ್ಲಿ ಎಲ್ಲ ನಡಿಗೆಗೂ ಒಂದು ನಾಯಿ ಉಂಟು.
ಸಂಬಳ ಕೇಳುವುದಿಲ್ಲ, ರೊಟ್ಟಿಯ ತುದಿ ಸಾಕು.

ಗುರುತು ಹಾಕುವುದೆಂದರೆ ಇಷ್ಟೆ:
ಬಿಳಿ, ಕೆಂಪು, ಬಿಳಿ.
ಅಂಗೈಯಗಲ, ಕಣ್ಣಿನೆತ್ತರ.
ಮೊದಲು ಪಾಚಿ ಕೆರೆಯಬೇಕು, ಮಗುವಿನ ಮೂಗು ಒರೆಸಿದಂತೆ,
ಆಮೇಲೆ ಉಸಿರು ಕಟ್ಟಿ ಒಂದೇ ಎಳೆತ.
"ಮುಂದಿನ ಗುರುತು ಕಾಣುವ ಮೊದಲು
ನಡೆಯುವವನಿಗೆ ಭಯವಾಗಬೇಕು. ಸ್ವಲ್ಪ.
ಅಷ್ಟು ದೂರಕ್ಕೆ ಒಂದೊಂದು."
ಉಚಾನ ಅಂಗೈಯಲ್ಲಿ ನೀಲಿ ಚುಕ್ಕೆ ಮಿನುಗುತ್ತಿತ್ತು,
ಅದಕ್ಕೆ ಭಯವೇ ಗೊತ್ತಿಲ್ಲ.

ಇಪ್ಪತ್ತೆರಡು ವರ್ಷದ ಹಿಂದೆ ಅವಳೇ ಬಳಿದ ಮರ
ಈಗ ತಬ್ಬಿದರೆ ತೋಳಿಗೆ ಸಿಗುವುದಿಲ್ಲ.
ಗುರುತೂ ಜೊತೆಗೇ ಬೆಳೆದಿದೆ, ಹಿಗ್ಗಿ, ಬಿರಿದು,
ಹೆತ್ತವಳ ಹೊಟ್ಟೆಯ ಗೀರುಗಳ ಹಾಗೆ.
ಬೆರಳಾಡಿಸಿದಳು, ಬ್ರಷ್ಷು ತೆಗೆಯಲಿಲ್ಲ.

ಬಂದದ್ದು ಬೇರೆ ಕೆಲಸಕ್ಕೆ.

ಕಳೆದ ಜೂನಿನ ಒಂದು ರಾತ್ರಿ
ಗುಡ್ಡದ ಮಗ್ಗುಲು ಕುಸಿದಿತ್ತು.
ತಿರುವಿನಲ್ಲಿ ದಾರಿ ತೋರುತ್ತಿದ್ದ ಕಲ್ಲು, ಎಮ್ಮೆಯ ಗಾತ್ರದ್ದು,
ನೂರು ಮಾರು ಕೆಳಗಿಳಿದು
ಕೊರಕಲಿನ ಅಂಚಿಗೆ ಒರಗಿ ನಿಂತಿತ್ತು.
ಹಣೆಯ ಮೇಲೆ ಅದೇ ಬಿಳಿ, ಕೆಂಪು, ಬಿಳಿ.
ಒಂದಿಷ್ಟೂ ಮಾಸಿಲ್ಲ.
ಅದನ್ನು ನಂಬಿ, ಚಳಿಗಾಲದಲ್ಲಿ,
ಕುತೈಸಿಯ ಇಬ್ಬರು ಹುಡುಗಿಯರು ಕೊರಕಲಿಗಿಳಿದರು.
ನಿದ್ದೆ ಹತ್ತದಿರಲೆಂದು ಮಗ್ಗಿ ಹೇಳುತ್ತ ಬೆಳಗು ಮಾಡಿದರಂತೆ.
ಕಾಲು ಮುರಿದವಳು ಆಸ್ಪತ್ರೆಯಿಂದ ಪತ್ರ ಬರೆದಿದ್ದಳು.
ಬೈದಿರಲಿಲ್ಲ.
ಅದನ್ನೇ ಲಮಾರಾಗೆ ನುಂಗಲಾಗಲಿಲ್ಲ.

"ಕಲ್ಲು ಸುಳ್ಳು ಹೇಳಿತು," ಎಂದ ಉಚಾ.
"ಇಲ್ಲ ಕಣೋ. ನಾನು ಹೇಳಿಕೊಟ್ಟದ್ದನ್ನೇ
ಪಾಪ, ಇನ್ನೂ ಒಪ್ಪಿಸುತ್ತಿದೆ."

ಕಲ್ಲು ಕುಡಿದ ಬಣ್ಣ ಕೆರೆದರೆ ಹೋಗದು.
ಮುಚ್ಚಬೇಕು, ಕಲ್ಲಿನದೇ ಬಣ್ಣದಿಂದ.
ಬೂದಿಗೆ ಒಂದು ತೊಟ್ಟು ಹಸಿರು, ಚೂರು ಹಳದಿ,
ಊಹೂಂ.
ಇನ್ನಷ್ಟು ಕಪ್ಪು. ಊಹೂಂ, ಗಾಯದ ಪಟ್ಟಿಯಂತೆ ಕಾಣುತ್ತದೆ.
ಕಡೆಗೆ ಕುಸಿದ ಮಣ್ಣನ್ನೇ ಒಂದು ಹಿಡಿ ಕಲಸಿ ಬಳಿದಳು.
ಎರಡು ಹೆಜ್ಜೆ ಹಿಂದೆ ಸರಿದು ನೋಡಿದರೆ
ಕಲ್ಲು, ಬರೀ ಕಲ್ಲು.
ನಾಯಿ ಮೂಸಿತು, ಸೀನಿತು.

ಆಮೇಲೆ ಕೂತು ಉಂಡರು.
ಕಾಯಿ ಪ್ಲಮ್ಮಿಗೆ ಉಪ್ಪು ಒತ್ತಿ ಕಚ್ಚಿದರೆ
ಕಿವಿಯವರೆಗೆ ಜುಮ್ಮೆನ್ನುವ ಹುಳಿ.
ದೂರದಲ್ಲಿ ಮ್ಟ್ಕ್ವಾರಿ ನದಿ,
ಚಹಾಕ್ಕೆ ಹಾಲು ಹೆಚ್ಚಾದ ಬಣ್ಣ,
ಅದರ ಎರಡೂ ದಡಕ್ಕೆ ಆತುಕೊಂಡು
ಎಷ್ಟೋ ಸಲ ಸುಟ್ಟು ಎಷ್ಟೋ ಸಲ ಎದ್ದ ಊರು
ಈ ಹೊತ್ತು ಬಟ್ಟೆ ಒಣಗಿಸುತ್ತಿದೆ.

ಹೊಸ ಕಲ್ಲು ಸಿಗುವಷ್ಟರಲ್ಲಿ ಬಿಸಿಲು ಇಳಿಯಿತು.
ಲಮಾರಾ ಹೆಗಲು ಕೊಟ್ಟು ನೂಕಿ ನೋಡಿದಳು,
ಉಚಾನಿಂದಲೂ ನೂಕಿಸಿದಳು.
"ಅಲ್ಲಾಡುವುದಿಲ್ಲ ದೊಡ್ಡಮ್ಮ."
"ಇವತ್ತು," ಎಂದಳು,
ಡಬ್ಬಿಯ ಮುಚ್ಚಳ ತೆರೆದು
ಬ್ರಷ್ಷನ್ನು ಅವನ ಕೈಗಿತ್ತಳು.

ಫೋನು ಜೇಬಿಗೆ ಹೋಯಿತು.
ಗೆರೆ ಸೊಟ್ಟ ಬಂತು, ಕೆಂಪು ಬಿಳಿಗೆ ಸೋರಿತು.
ಒರೆಸಿಬಿಡಲೇ ಎಂದ.
"ಕಾಣುತ್ತದೆ ತಾನೆ?"
ಎಂದು ನಾಯಿಯ ಹಿಂದೆ ಇಳಿಯತೊಡಗಿದಳು.