ಎಡಗಡೆಯವಳು

ವಿರಾಜಪೇಟೆಯ ಗಡಿಯಾರ ಕಂಬ ದಾಟಿ
ಇಳಿಜಾರಿನಲ್ಲಿ ಮೂರನೆಯ ಕಟ್ಟಡ.
ಮುಂಬಾಗಿಲ ಚಾವಣಿಯನ್ನು ತಲೆಯ ಮೇಲಿಟ್ಟುಕೊಂಡು
ಇಬ್ಬರು ಹೆಂಗಸರು. ಗಾರೆಯವರು.
ಪುತ್ತರಿಗೆ ಮುಂಚೆ ವರ್ಷಕ್ಕೊಮ್ಮೆ
ಅವರ ಮೈಗೆ ಬಣ್ಣ ಬಳಿಯುವ ಕೆಲಸ ನನ್ನದು.

ಬಲಗಡೆಯವಳು ಸುಲಭ.
ಕೊಕ್ಕೆತಾತಿ, ಜೋಮಾಲೆ, ತಲೆವಸ್ತ್ರದ ಅಂಚು
ಎಲ್ಲ ಲಕ್ಷಣವಾಗಿ ಕೂತಿವೆ; ಹಳದಿ ಮುಟ್ಟಿಸಿದರೆ ಚಿನ್ನ.
ಎಡಗಡೆಯವಳದೂ ಅದೇ ಒಡವೆ, ಅದೇ ಸೆರಗಿನ ಗಂಟು.
ಆದರೆ ಕತ್ತಿನ ನರ ಉಬ್ಬಿದೆ.
ಬ್ರಷ್ಷು ಅಲ್ಲಿ ಪ್ರತಿಸಲ ಎಡವುತ್ತದೆ.

ನೆರಿಗೆ ಇಬ್ಬರಿಗೂ ಹಿಂದೆ.
ಗೋಡೆಗೂ ಬೆನ್ನಿಗೂ ನಡುವೆ ಒಂದು ಗೇಣು ಸಂದು,
ಯಾರೂ ಇಣುಕದ ಜಾಗ.
ಕೈ ತೂರಿಸಿ ಎಣಿಸಿದ್ದೇನೆ:
ಬಲಗಡೆಯವಳಿಗೆ ಐದು,
ಎಡಗಡೆಯವಳಿಗೆ ಹನ್ನೊಂದು.
ಕಾವೇರಿ ತಳ್ಳಿ ನೆರಿಗೆ ಹಿಂದಾಯಿತು ಅನ್ನುತ್ತಾರೆ ಇಲ್ಲಿಯವರು.
ಇವಳನ್ನು ಯಾವ ಹೊಳೆ ತಳ್ಳಿತೋ.

ಈ ವರ್ಷ ಚೋಂದವ್ವ ಅಂದರು,
"ತಾಯಮ್ಮಾ, ಹಳೇದೆಲ್ಲ ಕೆರೆದು ಹಾಕು, ಪದರ ಪದರ ಎದ್ದು ಬರ್ತಿದೆ."
ಕೆರೆದೆ. ನೀಲಿ, ಹಸಿರು, ಯಾರದೋ ಮದುವೆಯ ಗುಲಾಬಿ,
ಅದರಡಿ ಬರೀ ಸುಣ್ಣ,
ಪೆರುಂಬಾಡಿ ಘಾಟಿ ಹತ್ತಿ ಗಾಡಿಯಲ್ಲಿ ಬಂದ ಕಡಲಿನ ಸುಣ್ಣ.
ಭುಜದಲ್ಲಿ ಬೇಯದೆ ಉಳಿದ ಒಂದು ಚಿಪ್ಪು,
ಮಗುವಿನ ಉಗುರಿನಷ್ಟು.
ಆಮೇಲೆ ನೆತ್ತಿ.
ಮಲ್ಲಿಗೆ ದಂಡೆ ಅಂದುಕೊಂಡಿದ್ದೆ ಇಷ್ಟು ವರ್ಷ.
ಹೂವು ಒಂದೊಂದೇ ಉದುರಿತು, ಅಂಟಿಸಿದ್ದು.
ಅಡಿಯಲ್ಲಿ ಸಿಂಬೆ.
ಹರಕು ಬಟ್ಟೆಯ ಸಿಂಬೆ,
ಮೂರು ಸುತ್ತು, ತುದಿ ಒಳಗೆ ಸಿಕ್ಕಿಸಿದ್ದು,
ನನ್ನವ್ವ ಸುತ್ತುತ್ತಿದ್ದ ಹಾಗೆಯೇ.

ಕೋರನ್ ಮೇಸ್ತ್ರಿ ಮಾಡಿದ್ದಂತೆ, ಕಣ್ಣೂರಿನವನು.
ಸಾರುವೆಯ ಮೇಲೆ ಕೂತು ಕೆಳಗೆ ನೋಡಿರಬೇಕು:
ಗಾರೆಯ ಬಾಂಡ್ಲಿ ಹೊತ್ತು,
ಅವನು ಕೈ ಚಾಚುವವರೆಗೆ ಕದಲದೆ ನಿಂತವಳು.
ಒಡವೆ ಯಜಮಾನರು ಹೇಳಿದ್ದು.
ನಿಲುವು ಅವಳಿಂದ ಕಡ ತಂದದ್ದು,
ಹಿಂದಿರುಗಿಸಿಲ್ಲ.
ಹೆಸರು ಕೇಳಿದೆ. ಚೋಂದವ್ವ ನಕ್ಕರು:
"ಕಂಬಕ್ಕೆ ಯಾರಾದರೂ ಹೆಸರಿಡ್ತಾರಾ?"

ಸಂಜೆ ಇಂಜಿನಿಯರ್ ಹುಡುಗ ಬಂದು ಗೋಡೆ ತಟ್ಟಿ ಹೇಳಿದ:
ಭಾರವೆಲ್ಲ ಒಳಗಿನ ತೊಲೆಯ ಮೇಲಿದೆ,
ಇವೆಲ್ಲ ಸುಮ್ಮನೆ, ಅಂದಕ್ಕೆ ನಿಂತಿರೋದು.
ನಾನು ಏಣಿಯ ಮೇಲಿದ್ದೆ, ಬಕೆಟ್ಟು ಮೊಣಕೈಯಲ್ಲಿ.
ಅವನು ಅಂದದ್ದು ಯಾರಿಗೆ ಅಂತ
ಒಂದು ಗಳಿಗೆ ತಿಳಿಯಲಿಲ್ಲ.

ಬಿದ್ದ ಹೂಗಳನ್ನು ಮತ್ತೆ ಅಂಟಿಸು ಅಂದಿದ್ದಾರೆ.
ಅಂಟಿಸುತ್ತೇನೆ. ಕೂಲಿಯ ಕೆಲಸ.
ಹಿಂದುಗಡೆ, ಗೋಡೆಯ ಕಡೆ,
ಎರಡು ಬೆರಳಷ್ಟು ಬಿಟ್ಟು.